ಪರಮಾರ್ಥ ಗುರುವಿನ ಕಥೆ: ಒಬ್ಬ ಪಾದ್ರಿಯ ಬಿಡುವಿನ ಬರಹ

ಕಂಬಂ ಕಣಿವೆಯಲ್ಲಿ ರಾಯಪ್ಪನ್‌ಪಟ್ಟಿ ಎಂಬ ಊರೊಂದಿದೆ. ಕಥೋಲಿಕರು ಹೆಚ್ಚಾಗಿ ನೆಲಸಿರುವ ಊರು. ತಮಿಳು ಕ್ರೈಸ್ತರು ಸಂತ ಪೇತ್ರನನ್ನು ರಾಯಪ್ಪರ್ ಎಂದೇ ಕರೆಯುವರು. ಮುಂಜಾನೆ ಆ ದಾರಿಯಲ್ಲಿ ಹೋಗುವವರಿಗೆ ದೇವಾಲಯದ ಗಂಟೆ ಕೇಳಿಸುವುದು; ಪೂಜೆ ಮುಗಿಸಿ ಹೊರಬರುವ ಸ್ವಾಮಿಯವರ ಬಿಳಿಯ ನಿಲುವಂಗಿ ಕಾಣಿಸುವುದು. ಅಲ್ಲಿಗೆ ನಮ್ಮ ತಿಳಿವಳಿಕೆ ಮುಗಿಯುವುದು. ಸಂಜೆ ಜನರೆಲ್ಲ ಮನೆ ಸೇರಿ, ಗುಡಿಯ ಬಾಗಿಲು ಮುಚ್ಚಿ, ದೀಪ ಹಚ್ಚಿದ ಮೇಲೆ ಹೆಂಡತಿ ಮಕ್ಕಳಿಲ್ಲದ ಆ ಮನುಷ್ಯನು ಏನು ಮಾಡುವನು? ಈ ಪ್ರಶ್ನೆಯು ನಮಗೆ ಹುಟ್ಟಿದ್ದು ಕುತೂಹಲದಿಂದಲ್ಲ, ಒಂದು ಪುಸ್ತಕದಿಂದ. ನಮ್ಮ ಸಂಘದ ಭಾನುವಾರದ ತರಗತಿಯಲ್ಲಿ ಮಕ್ಕಳಿಗೆ ಪರಮಾರ್ಥ ಗುರುವಿನ ಕಥೆಯನ್ನು ಕನ್ನಡದಲ್ಲಿ ಹೇಳತೊಡಗಿದಾಗ, ಇಷ್ಟೊಂದು ನಗೆಯನ್ನು ಒಬ್ಬ ಪಾದ್ರಿ ಯಾವ ಹೊತ್ತಿನಲ್ಲಿ ಕೂತು ಬರೆದಿರಬಹುದು ಎಂದು ಯೋಚಿಸುವಂತಾಯಿತು. ಆ ಪುಸ್ತಕದ ಗುಣದೋಷಗಳನ್ನು ವಾಚಕರ ಮುಂದಿಡುವುದೇ ಈ ಬರಹದ ಉದ್ದೇಶ.

ಕನ್ನಡಿಗರಾದ ನಮಗೆ ಪಾದ್ರಿ ಎಂದೊಡನೆ ನೆನಪಾಗುವವರು ನಿಘಂಟಿನ ಕಿಟೆಲ್ಲರು. ಆದರೆ ಕಿಟೆಲ್ಲರು ಬಾಸೆಲ್ ಮಿಶನ್ನಿನ ಪ್ರಾಟೆಸ್ಟಂಟರು, ಸಂಸಾರಸ್ಥರು. ಕಥೋಲಿಕ ಗುರುವಿನ ಬಾಳು ಬೇರೆ ಬಗೆಯದು. ಅವನಿಗೆ ಮದುವೆಯಿಲ್ಲ. ಬೆಳಗಿನ ಬಲಿಪೂಜೆ, ಗೊತ್ತಾದ ಹೊತ್ತುಗಳಲ್ಲಿ ಓದಲೇಬೇಕಾದ ಜಪಪುಸ್ತಕ, ಪಾಪನಿವೇದನೆ ಕೇಳುವುದು, ಕಾಯಿಲೆಯವರ ಮನೆಗೆ ಹೋಗುವುದು, ಊರಿನ ವ್ಯಾಜ್ಯಗಳಿಗೆ ಕಿವಿಗೊಡುವುದು, ಇವು ದಿನವನ್ನು ತುಂಬುತ್ತವೆ. ಉಳಿಯುವ ಬಿಡುವು ಬಹಳವಲ್ಲ. ಆದರೆ ಉಳಿದಷ್ಟರಲ್ಲಿ ಪಾಲು ಕೇಳುವವರು ಯಾರೂ ಇಲ್ಲ. ಇದರ ಫಲವನ್ನು ನಮ್ಮ ಕಣಿವೆಯಿಂದ ತಲೆಯೆತ್ತಿದರೆ ಕಾಣುವ ಪಳನಿ ಬೆಟ್ಟಗಳಲ್ಲಿಯೇ ನೋಡಬಹುದು. ಕೊಡೈಕಾನಲ್ಲಿನ ಹತ್ತಿರದ ಶೆಂಬಗನೂರಿನಲ್ಲಿ ಯೇಸುಸಭೆಯವರು 1895ರಲ್ಲಿ ಒಂದು ವಿದ್ಯಾಪೀಠವನ್ನು ತೆರೆದರು. ಆ ಸಭೆಯ ಆಂಗ್ಲೇಡ್ ಮತ್ತು ನ್ಯೂಟನ್ ಎಂಬ ಇಬ್ಬರು ಸ್ವಾಮಿಗಳು ಬೆಟ್ಟದ ಕಲ್ಗೋರಿಗಳನ್ನು ಅಳೆದು ಬರೆದ ಗ್ರಂಥವನ್ನು ಭಾರತದ ಪುರಾತತ್ತ್ವ ಇಲಾಖೆಯೇ 1928ರಲ್ಲಿ ಪ್ರಕಟಿಸಿತು. ಅದೇ ಸಭೆಯ ಮ್ಯಾಥ್ಯೂ ಸ್ವಾಮಿಗಳು ಈ ಬೆಟ್ಟಗಳ ಗಿಡಮರಗಳನ್ನು ಕುರಿತು ಬರೆದ ಮಹಾಗ್ರಂಥ 1999ರಲ್ಲಿ ಹೊರಬಂದಿತು. ದನಕಾಯುವವನೂ ಎರಡನೆಯ ಸಲ ನೋಡದ ಕಲ್ಲು, ಹುಲ್ಲು, ಗರಿಕೆಗಳನ್ನು ಇವರು ಲೆಕ್ಕ ಹಾಕಿ ಬರೆದಿಟ್ಟರು.

ಆದರೆ ಕಲ್ಲು ಗಿಡಗಳ ವಿಷಯವನ್ನು ವಿಮರ್ಶಿಸುವ ಯೋಗ್ಯತೆ ನಮಗಿಲ್ಲ. ಕಥೆಯ ವಿಷಯವಾದರೆ ಅಷ್ಟಿಷ್ಟು ಬಲ್ಲೆವು.

ಕಾನ್ಸ್ಟಾಂಟಿನೋ ಜೋಸೆಫ್ ಬೆಸ್ಕಿ ಎಂಬಾತನು 1680ರಲ್ಲಿ ಇಟಲಿಯ ಉತ್ತರಭಾಗದಲ್ಲಿ ಹುಟ್ಟಿ, ಯೇಸುಸಭೆಯನ್ನು ಸೇರಿ, 1710ರಲ್ಲಿ ಹಿಂದೂ ದೇಶಕ್ಕೆ ಬಂದನು. ಮಧುರೆಯ ಮಿಶನ್ನಿನಲ್ಲಿ ದುಡಿದು 1747ರಲ್ಲಿ ತೀರಿಕೊಂಡನು. ತಮಿಳರು ಆತನನ್ನು ವೀರಮಾಮುನಿವರ್ ಎಂದು ಕರೆದು ತಮ್ಮವನನ್ನಾಗಿ ಮಾಡಿಕೊಂಡಿರುವರು. ಸಂತ ಜೋಸೆಫನ ಚರಿತ್ರೆಯನ್ನು 3615 ಪದ್ಯಗಳ ‘ತೇಂಬಾವಣಿ’ ಎಂಬ ಮಹಾಕಾವ್ಯವಾಗಿ ಹಾಡಿದವನು ಈತ. ‘ಚತುರಕರಾದಿ’ ಎಂಬ ನಿಘಂಟನ್ನು ಕಟ್ಟಿದವನೂ ಈತನೇ. ಉಪಾಧ್ಯಾಯರಿಗೆ ಇವೆರಡಕ್ಕಿಂತ ಹತ್ತಿರದ ಸಂಗತಿ ಇನ್ನೊಂದಿದೆ. ಹಿಂದೆ ತಮಿಳು ಓಲೆಗಳಲ್ಲಿ ಎಕಾರ ಏಕಾರಗಳಿಗೂ ಒಕಾರ ಓಕಾರಗಳಿಗೂ ಭೇದ ಕಾಣುತ್ತಿರಲಿಲ್ಲ. ಹ್ರಸ್ವಕ್ಕೆ ಚುಕ್ಕೆಯಿಡಬೇಕೆಂಬ ನಿಯಮವಿದ್ದರೂ, ಓಲೆ ಹರಿದೀತೆಂದು ಬರೆಯುವವರು ಚುಕ್ಕೆಯನ್ನು ಬಿಡುತ್ತಿದ್ದರು. ದೀರ್ಘಕ್ಕೆ ಸುಳಿ ಕೂಡಿಸಿದ ಬೇರೊಂದು ಕೊಂಬನ್ನು ಕೊಟ್ಟವನು ಬೆಸ್ಕಿ. ಇಂದಿಗೂ ತೇನಿಯಲ್ಲಿಯೋ ದಿಂಡಿಗಲ್ಲಿನಲ್ಲಿಯೋ ತಮಿಳು ಕಲಿಯುವ ಒಂದನೆಯ ತರಗತಿಯ ಮಗು ಸ್ಲೇಟಿನ ಮೇಲೆ ಆ ಸುಳಿಯನ್ನು ತಿದ್ದುತ್ತಿದೆ. ನಮ್ಮ ಕನ್ನಡದ ಮಕ್ಕಳು ಏತ್ವ ಓತ್ವಗಳಿಗೆ ದೀರ್ಘವೆಳೆಯುವಾಗ ಪಡುವ ಸಂಕಟವನ್ನು ಬಲ್ಲ ನಾವು ಆ ಪಾದ್ರಿಗೆ ಕೈಮುಗಿಯದಿರಲಾರೆವು.

ಬೆಸ್ಕಿಯ ದಿನಚರಿಯ ವಿಷಯದಲ್ಲಿ ಮಾತ್ರ ಎಚ್ಚರಿಕೆ ಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಮುತ್ತುಸಾಮಿ ಪಿಳ್ಳೆಯವರು ಬರೆದ ಜೀವನಚರಿತ್ರೆಯಲ್ಲಿ ಆತನು ಕಾವಿಯುಟ್ಟು, ಪಲ್ಲಕ್ಕಿಯೇರಿ, ಮಠಾಧಿಪತಿಯಂತೆ ಮೆರೆಯುತ್ತಾನೆ. ನವಾಬ ಚಂದಾ ಸಾಹೇಬನನ್ನು ಕಾಣುವುದಕ್ಕಾಗಿ ಮೂರೇ ತಿಂಗಳಲ್ಲಿ ಪರಭಾಷೆ ಕಲಿತು ದಿವಾನನೂ ಆಗುತ್ತಾನೆ. ಮುಂದಿನ ವಿದ್ವಾಂಸರು ಈ ವೈಭವವನ್ನು ಬಹುಮಟ್ಟಿಗೆ ನಂಬಿಲ್ಲ. ನಮಗೂ ನಂಬಿಕೆಯಿಲ್ಲ. ಪಲ್ಲಕ್ಕಿಯಲ್ಲಿ ಮೆರೆಯುವವನಿಗೆ ಬಾಡಿಗೆಯ ಎತ್ತಿನ ನೆರಳಿನ ಜಗಳವೂ, ಸುಂಕದ ಕಟ್ಟೆಯ ಕಿರುಕುಳವೂ, ಕುಂಟುಕುದುರೆಯ ಗೋಳೂ ಹೇಗೆ ಗೊತ್ತಾಗಬೇಕು? ಪರಮಾರ್ಥ ಗುರುವಿನ ಕಥೆಯನ್ನು ಬರೆದವನು ನಡೆದು ದಣಿದವನು, ಅಲ್ಲಲ್ಲಿ ಚಾವಡಿಯಲ್ಲಿ ಮಲಗಿದವನು. ಬೇರೆ ಸಾಕ್ಷ್ಯ ಸಿಕ್ಕದಿರುವಲ್ಲಿ ಪುಸ್ತಕವೇ ಸಾಕ್ಷಿಯೆಂದು ನಮ್ಮ ಭಾವನೆ.

ಈ ಕಥೆಯು ಕಾವ್ಯಕೀರ್ತಿಗಾಗಿ ಬರೆದುದಲ್ಲ. ಬೆಸ್ಕಿಯು ಆಡುಮಾತಿನ ತಮಿಳಿಗೆ ಲ್ಯಾಟಿನ್ ಭಾಷೆಯಲ್ಲಿ ಒಂದು ವ್ಯಾಕರಣವನ್ನು ಬರೆದನು. ಅದು 1738ರಲ್ಲಿ ತರಂಗಂಬಾಡಿಯಲ್ಲಿ ಅಚ್ಚಾಯಿತು. ಅಲ್ಲಿನ ಲೂಥರನ್ ಪಾದ್ರಿಗಳೊಡನೆ ಬೆಸ್ಕಿಯು ಖಂಡನ ಮಂಡನದ ಕಾಳಗವನ್ನೇ ನಡೆಸಿದ್ದನು. ಆದರೂ ಅವರ ಅಚ್ಚುಕೂಟದಲ್ಲಿಯೇ ಆತನ ವ್ಯಾಕರಣ ಅಚ್ಚಾಯಿತೆಂದರೆ, ಭಾಷೆಯ ಹಸಿವು ಮತದ ಜಗಳಕ್ಕಿಂತ ದೊಡ್ಡದಾಗಿತ್ತೆನ್ನಬೇಕು. ಹೊಸದಾಗಿ ಬಂದಿಳಿಯುವ ಪಾದ್ರಿಗಳಿಗೆ ವ್ಯಾಕರಣವೊಂದೇ ಸಾಲದು, ಓದಿ ನಾಲಗೆ ತಿರುಗಿಸಿಕೊಳ್ಳಲು ಪಾಠ ಬೇಕು. ಅದಕ್ಕಾಗಿ ಪರಮಾರ್ಥ ಗುರುವಿನ ಕಥೆಯನ್ನು ತಮಿಳಿನಲ್ಲಿ ಬರೆದು, ಪಕ್ಕದಲ್ಲಿ ಲ್ಯಾಟಿನ್ ಅನುವಾದವನ್ನೂ ಕೊಟ್ಟನು. ಬ್ಯಾಬಿಂಗ್ಟನ್ ಎಂಬ ಆಂಗ್ಲರು 1822ರಲ್ಲಿ ಮೂಲವನ್ನು ಇಂಗ್ಲಿಷ್ ಅನುವಾದದೊಡನೆ ಲಂಡನ್ನಿನಲ್ಲಿ ಅಚ್ಚು ಹಾಕಿಸಿದರು. ಹೀಗೆ ನೋಡಿದರೆ ಇದೊಂದು ವಾಚನಪುಸ್ತಕ, ನಮ್ಮ ನಿಮ್ಮ ಕೈಯಲ್ಲಿರುವಂಥದೇ. ಅಷ್ಟರಿಂದಲೇ ಅದನ್ನು ಕೀಳೆಂದು ಎಣಿಸಬಾರದು. ತೇಂಬಾವಣಿಯನ್ನು ಪಂಡಿತರು ಕೊಂಡಾಡುವರು, ಓದುವವರು ವಿರಳ. ಪರಮಾರ್ಥನ ಕಥೆಯನ್ನು ಬೆಸ್ಕಿಯ ಹೆಸರನ್ನೇ ಕೇಳದವರೂ ಹೇಳುತ್ತಾರೆ.

ಕಥೆಯ ಹಂದರ ಸರಳವಾದುದು. ಪರಮಾರ್ಥನೆಂಬ ಗುರು, ಅವನಿಗೆ ಮಟ್ಟಿ, ಮಡೈಯನ್, ಪೇದೈ, ಮಿಲೇಚ್ಚನ್, ಮೂಡನ್ ಎಂದು ಐವರು ಶಿಷ್ಯರು. ಐದು ಹೆಸರುಗಳಿಗೂ ಅರ್ಥ ಹೆಚ್ಚುಕಡಿಮೆ ಒಂದೇ. ಪೇದೈ ಎಂಬುವನು ನಮ್ಮ ಪೆದ್ದನಿಗೆ ದೂರದ ನೆಂಟನಲ್ಲ. ಹೊಳೆ ದಾಟಬೇಕು, ಹೊಳೆ ಎಚ್ಚರವಾಗಿದೆಯೋ ನಿದ್ರಿಸುತ್ತಿದೆಯೋ ಎಂದು ಉರಿಯುವ ಕೊಳ್ಳಿಯನ್ನು ನೀರಿಗಿಟ್ಟು ನೋಡುವರು. ಚುಂಯ್ ಎಂದು ಹೊಗೆಯೆದ್ದೊಡನೆ ಹೊಳೆ ಎಚ್ಚರವಾಗಿದೆಯೆಂದು ಓಡಿಬರುವರು. ಆಮೇಲೆ ಆರಿದ ಅದೇ ಕೊಳ್ಳಿಯನ್ನು ಇಟ್ಟಾಗ ಸದ್ದಿಲ್ಲ. ಹೊಳೆ ಮಲಗಿದೆಯೆಂದು ದಾಟುವರು. ಆಚೆ ದಡದಲ್ಲಿ ಎಣಿಸುವಾಗ ಪ್ರತಿಯೊಬ್ಬನೂ ತನ್ನನ್ನು ಬಿಟ್ಟು ಎಣಿಸಿ, ಒಬ್ಬನು ಮುಳುಗಿಹೋದನೆಂದು ಗೋಳಿಡುವರು. ಗುರುವಿಗೆ ಕುದುರೆ ಬೇಕೆಂದು ಕುಂಬಳಕಾಯಿಯನ್ನು ಕುದುರೆಯ ಮೊಟ್ಟೆಯೆಂದು ಕೊಳ್ಳುವರು. ಅದು ಬಿದ್ದು ಒಡೆದಾಗ ಪೊದೆಯಿಂದ ಮೊಲವೊಂದು ಓಡುತ್ತದೆ, ಅದೇ ಮರಿಯೆಂದು ಬೆನ್ನಟ್ಟುವರು. ಬಾಡಿಗೆಯ ಎತ್ತಿನ ನೆರಳಿನಲ್ಲಿ ಕೂತದ್ದಕ್ಕೆ ಎತ್ತಿನವನು ಬೇರೆ ಬಾಡಿಗೆ ಕೇಳುವನು. ಹೀಗೆ ಎಂಟು ಕಥೆಗಳು.

ಇಲ್ಲಿ ಪ್ರಶ್ನೆಯೊಂದು ಏಳುವುದು. ಇವು ಬೆಸ್ಕಿಯ ಕಥೆಗಳೇ? ಇದನ್ನು ಮೊದಲು ಸಂದೇಹಿಸಿದವನೂ ಇನ್ನೊಬ್ಬ ಕಥೋಲಿಕ ಪಾದ್ರಿಯೇ, ಅವನು ನಮ್ಮ ಕನ್ನಡ ನಾಡಿನಲ್ಲಿ ಬಾಳಿದವನು ಎಂಬುದು ನಮಗೆ ಸಂತೋಷದ ವಿಷಯ. ಅಬ್ಬೆ ದ್ಯುಬುವಾ ಎಂಬ ಫ್ರೆಂಚ್ ಸ್ವಾಮಿಗಳು 1792ರಲ್ಲಿ ಈ ದೇಶಕ್ಕೆ ಬಂದು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಹೋಗಿ ಚದರಿದ್ದ ಕ್ರೈಸ್ತರನ್ನು ಕೂಡಿಸಿದರು. ಹಾಸನದ ಬಳಿಯ ಸಾತಳ್ಳಿಯಲ್ಲಿ ಅವರಿಗೆ ಬೇಸಾಯದ ನೆಲೆ ಮಾಡಿಕೊಟ್ಟರು. ಸಿಡುಬಿಗೆ ಹಾಲು ಹಾಕಿಸಲು ಊರೂರು ಅಲೆದರು. ನಮ್ಮವರ ಉಡುಗೆಯುಟ್ಟು, ನಮ್ಮವರಂತೆ ಉಂಡು, ದೊಡ್ಡ ಸ್ವಾಮಿಯವರು ಎನ್ನಿಸಿಕೊಂಡರು. 1823ರಲ್ಲಿ ಫ್ರಾನ್ಸಿಗೆ ಮರಳಿ, 1826ರಲ್ಲಿ ಪಂಚತಂತ್ರವನ್ನು ಫ್ರೆಂಚಿನಲ್ಲಿ ಹೊರತಂದಾಗ ಅದರ ಜೊತೆಗೆ ಪರಮಾರ್ಥನ ಕಥೆಯನ್ನೂ ಸೇರಿಸಿದರು. ಅವರ ಅಭಿಪ್ರಾಯದಲ್ಲಿ ಈ ಕಥೆಗಳು ಬೆಸ್ಕಿಯ ಹೆಸರೂ ಬರಹವೂ ತಲಪದ ಕಡೆಗಳಲ್ಲಿಯೂ ಜನರ ಬಾಯಲ್ಲಿದ್ದವು. ಆದುದರಿಂದ ಇವು ಈ ದೇಶದವೇ.

ದ್ಯುಬುವಾರ ಮಾತಿಗೆ ಬಲವಿದೆ. ತನ್ನನ್ನು ಬಿಟ್ಟು ಎಣಿಸಿಕೊಳ್ಳುವ ಮೂಢರ ಕಥೆ ವೇದಾಂತಿಗಳಿಗೆ ಹಳೆಯದು. ಹತ್ತು ಜನ ಹೊಳೆ ದಾಟಿ ಹತ್ತನೆಯವನಿಗಾಗಿ ಅಳುವ ದೃಷ್ಟಾಂತವನ್ನು ವಿದ್ಯಾರಣ್ಯರ ‘ಪಂಚದಶಿ’ಯು ವಿಸ್ತಾರವಾಗಿಯೇ ಬಳಸಿಕೊಂಡಿದೆ, ಬೆಸ್ಕಿ ಹುಟ್ಟುವುದಕ್ಕೆ ಮುನ್ನೂರು ವರ್ಷಗಳ ಹಿಂದಿನ ಗ್ರಂಥ ಅದು. ಕೂತ ಕೊಂಬೆಯನ್ನೇ ಕಡಿಯುವವನು ಕಾಳಿದಾಸನ ದಂತಕಥೆಯಿಂದ ನಮಗೆಲ್ಲ ಪರಿಚಿತ. ಆದರೆ ನಾಣ್ಯಕ್ಕೆ ಇನ್ನೊಂದು ಮುಖವೂ ಇದೆ. ಬಾಡಿಗೆಯ ಪ್ರಾಣಿಯ ನೆರಳಿಗಾಗಿ ಜಗಳವಾಡುವ ಕಥೆ ಗ್ರೀಕರದು. ಅಲ್ಲಿ ಎತ್ತಿನ ಬದಲು ಕತ್ತೆ, ಹೇಳಿದವನು ಡೆಮಾಸ್ಥೆನೀಸನೆಂದು ಪ್ರತೀತಿ. ತಮ್ಮನ್ನು ಎಣಿಸಿಕೊಳ್ಳಲು ಬಾರದ ಮೂಢರು ಇಂಗ್ಲೆಂಡಿನ ಗೋಥಮ್ ಎಂಬ ಊರಿನವರ ಕಥೆಯಲ್ಲಿಯೂ ಬರುವರು. ನಮ್ಮ ತೀರ್ಮಾನವಿಷ್ಟೆ: ಇಟಲಿಯ ಹುಡುಗನಾಗಿ ಕೇಳಿದುದನ್ನೂ ತಮಿಳು ನಾಡಿನ ಚಾವಡಿಯಲ್ಲಿ ಕೇಳಿದುದನ್ನೂ ಬೆಸ್ಕಿಯು ಒಂದೇ ದಾರದಲ್ಲಿ ಪೋಣಿಸಿದನು. ಮಣಿಗಳು ಅವನವಲ್ಲ, ದಾರ ಅವನದು. ಕತ್ತೆ ಎತ್ತಾದುದರಲ್ಲಿಯೇ ಅವನ ಕೈಚಳಕ ಕಾಣುತ್ತದೆ. ಕತ್ತೆಯನ್ನೇರಿದ ಗುರುವನ್ನು ನಮ್ಮ ಹಳ್ಳಿಗರು ಬೇರೆಯೇ ಅರ್ಥದಲ್ಲಿ ನೋಡಿಯಾರು.

ಇತರರ ಸೊತ್ತಿನ ವಿಷಯದಲ್ಲಿ ಬೆಸ್ಕಿಯನ್ನು ಪ್ರಶ್ನಿಸಿದ ದ್ಯುಬುವಾರಿಗೂ ಕಾಲ ಅದೇ ಪ್ರಶ್ನೆ ಹಾಕಿತು. ಹಿಂದುಗಳ ಆಚಾರ ವ್ಯವಹಾರಗಳ ಮೇಲೆ ಅವರು ಬರೆದ ಹಸ್ತಪ್ರತಿಯನ್ನು ಬೆಂಟಿಂಕ್ ಪ್ರಭುವಿನ ಕಾಲದಲ್ಲಿ ಕುಂಪಣಿಯವರು 2000 ವರಹಗಳಿಗೆ ಕೊಂಡು, 1816ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ್ದರು. ಅದರ ಬಹುಭಾಗ ಕೂರ್ದು ಎಂಬ ಹಿಂದಿನ ಯೇಸುಸಭೆಯ ಪಾದ್ರಿಯ ಬರಹದಿಂದ ಬಂದುದೆಂದು ಸಿಲ್ವಿಯಾ ಮೂರ್ ಎಂಬ ಫ್ರೆಂಚ್ ವಿದುಷಿ 1987ರಲ್ಲಿ ತೋರಿಸಿಕೊಟ್ಟರು. ಬಿಡುವಿನ ಬರಹಗಳಿಗೆ ಒಡೆಯರು ಯಾರೆಂದು ಗುರುತಿಸುವುದು ಕಷ್ಟ. ಒಬ್ಬ ಸ್ವಾಮಿ ಸತ್ತರೆ ಅವನ ಪೆಟ್ಟಿಗೆ ಇನ್ನೊಬ್ಬನ ಕೈಸೇರುತ್ತದೆ.

ಇನ್ನು ಪುಸ್ತಕದ ಹೃದಯಕ್ಕೆ ಬರೋಣ. ಎಂಟು ಕಥೆಗಳಲ್ಲಿ ನಮಗೆ ಶ್ರೇಷ್ಠವಾಗಿ ಕಾಣುವುದು ಪಟ್ಟಿಯ ಕಥೆ. ಗುರು ಕುದುರೆಯ ಮೇಲೆ ಹೋಗುವಾಗ ಕೊಂಬೆ ತಾಕಿ ರುಮಾಲು ಬೀಳುತ್ತದೆ. ಎತ್ತಿಕೊಳ್ಳಿರೆಂದು ಹೇಳಲಿಲ್ಲವಾದ್ದರಿಂದ ಶಿಷ್ಯರು ಎತ್ತಲಿಲ್ಲ. ಬಿದ್ದುದನ್ನೆಲ್ಲ ಎತ್ತಬೇಕೆಂದು ಗುರು ಗದರಿಸುವನು. ಆಗ ಕುದುರೆಯ ಲದ್ದಿಯನ್ನು ಭಕ್ತಿಯಿಂದ ರುಮಾಲಿನಲ್ಲಿ ಹಿಡಿದು ತರುವರು. ಮತ್ತೆ ಬೈಗುಳ. ಹಾಗಾದರೆ ಎತ್ತಬೇಕಾದುದು ಯಾವುದು, ಎತ್ತಬಾರದುದು ಯಾವುದು ಎಂದು ಬರೆದುಕೊಡಿರೆನ್ನುವರು. ಗುರು ಓಲೆಯಲ್ಲಿ ಪಟ್ಟಿ ಬರೆದುಕೊಡುವನು. ಮುಂದೆ ಕುದುರೆ ಎಡವಿ ಗುರುವೇ ಗುಂಡಿಗೆ ಬೀಳುವನು. ಶಿಷ್ಯರು ಓಲೆ ಬಿಚ್ಚಿ ಓದಿ, ರುಮಾಲು, ಪಂಚೆ ಎಂದು ಒಂದೊಂದಾಗಿ ಎತ್ತಿಕೊಳ್ಳುವರು. ಗುರುವಿನ ಹೆಸರು ಪಟ್ಟಿಯಲ್ಲಿಲ್ಲ. ಅವನು ಬತ್ತಲೆಯಾಗಿ ಗುಂಡಿಯಲ್ಲಿ ಬಿದ್ದುಕೊಂಡೇ ಓಲೆ ತರಿಸಿ, ತನ್ನನ್ನೂ ಎತ್ತಬೇಕೆಂದು ಸ್ವಹಸ್ತದಿಂದ ಬರೆದ ಮೇಲೆಯೇ ಅವನನ್ನು ಎತ್ತುವರು.

ಇದನ್ನು ಹೇಳಿದ ದಿನ ನಮ್ಮ ತರಗತಿಯ ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬ ಹುಡುಗನು ಮಾತ್ರ ನಗದೆ, “ಮೇಷ್ಟ್ರೇ, ಪಟ್ಟೀಲಿ ಇಲ್ದೇ ಎತ್ತಿದ್ರೆ ಮತ್ತೆ ಬೈತಿದ್ರಲ್ಲ?” ಎಂದನು. ನಾವು ತಬ್ಬಿಬ್ಬಾದೆವು. ತರಬೇತಿ ಶಾಲೆಯಲ್ಲಿ ಪಾಠಟಿಪ್ಪಣಿಯ ಅಂಕಣಗಳನ್ನು ತುಂಬಿ ತುಂಬಿ, ಆಮೇಲೆ ತನಿಖೆಯವರು ಬಂದಾಗ ಮಕ್ಕಳ ಮುಖಕ್ಕಿಂತ ಟಿಪ್ಪಣಿಯ ಕಡೆಗೇ ಕಣ್ಣಿಟ್ಟು ಪಾಠ ಮಾಡಿದವರು ನಾವೇ ಅಲ್ಲವೆ? ಒಮ್ಮೆ ಹಿಂದಿನ ಬೆಂಚಿನಲ್ಲಿ ಜ್ವರದಿಂದ ನಡುಗುತ್ತಿದ್ದ ಹುಡುಗಿಯನ್ನು ತನಿಖೆ ಮುಗಿಯುವವರೆಗೆ ನಾವು ನೋಡಲಿಲ್ಲ. ಅವಳು ನಮ್ಮ ಪಟ್ಟಿಯಲ್ಲಿರಲಿಲ್ಲ. ಆ ಹುಡುಗನ ಪ್ರಶ್ನೆಯಿಂದಾಗಿ ನಾವು ಪುಸ್ತಕವನ್ನು ಇನ್ನೊಮ್ಮೆ ಓದಿದೆವು. ಶಿಷ್ಯರು ಮೂಢರೆಂಬುದೇನೋ ನಿಜ; ಆದರೆ ಅವರು ಅವಿಧೇಯರಲ್ಲ. ಎರಡು ಸಲ ಬೈಸಿಕೊಂಡು, ತಮ್ಮ ಬುದ್ಧಿಯನ್ನು ಓಲೆಗೆ ಒಪ್ಪಿಸಿಬಿಟ್ಟವರು. ಅವರನ್ನು ಹಾಗೆ ಮಾಡಿದವನು ಗುರು.

ಯೇಸುಸಭೆಯ ಸ್ಥಾಪಕನಾದ ಸಂತ ಇಗ್ನೇಷಿಯಸನು ವಿಧೇಯತೆಯನ್ನು ಎಲ್ಲಕ್ಕಿಂತ ಮುಂದಿಟ್ಟವನು. ತನ್ನ ಸಭೆಯವರು ಮೇಲಿನವರ ಕೈಯಲ್ಲಿ ಮುದುಕನ ಊರುಗೋಲಿನಂತೆ ಇರಬೇಕೆಂಬುದು ಅವನ ನಿಯಮದ ಉಪಮಾನ. ಆ ವ್ರತವನ್ನು ಹಿಡಿದ ಬೆಸ್ಕಿ, ಊರುಗೋಲಿನಂತೆಯೇ ನಡೆದುಕೊಳ್ಳುವ ಐವರನ್ನು ಕಲ್ಪಿಸಿ ನಗುತ್ತಾನೆ! ಇನ್ನೊಂದನ್ನೂ ಗಮನಿಸಬೇಕು. ಮಧುರೆಯ ಮಿಶನ್ನಿನಲ್ಲಿ ಪಾದ್ರಿಯೇ ಗುರು. ತಮಿಳು ಕಥೋಲಿಕರು ಇಂದಿಗೂ ಅವನನ್ನು ಗುರುವೆನ್ನುವರು. ಒಬ್ಬೊಬ್ಬ ಪಾದ್ರಿಗೆ ಹತ್ತಾರು ಊರುಗಳ ಹೊಣೆ. ತಾನು ಹೋಗಲಾಗದಲ್ಲಿಗೆ ಉಪದೇಶಿಗಳನ್ನು ಕಳಿಸುವನು. ಅವರ ನಡತೆಗಾಗಿ ‘ವೇದಿಯರ್ ಒಳುಕ್ಕಂ’ ಎಂಬ ಗದ್ಯಗ್ರಂಥವನ್ನು ಬರೆದವನೂ ಬೆಸ್ಕಿಯೇ. ಒಂದು ಕೈಯಿಂದ ಉಪದೇಶಿಗಳಿಗೆ ನಿಯಮಗಳನ್ನು ಬರೆದುಕೊಟ್ಟವನು, ಇನ್ನೊಂದು ಕೈಯಿಂದ ನಿಯಮದ ಓಲೆಯನ್ನು ಹಿಡಿದು ಗುಂಡಿಯ ಸುತ್ತ ನಿಂತವರ ಕಥೆಯನ್ನೂ ಬರೆದನು. ಗುಂಡಿಯಲ್ಲಿ ಬಿದ್ದವನಲ್ಲಿ ಅವನು ತನ್ನನ್ನೇ ಕಂಡಿದ್ದನೆಂದು ನಮ್ಮ ಊಹೆ. ಊಹೆಯೆಂದೇ ಹೇಳುತ್ತಿದ್ದೇವೆ, ಆದರೆ ಹೀಗೆ ಓದಿದಾಗ ಕಥೆ ಹಿಗ್ಗುತ್ತದೆ, ಬೇರೆಯವರನ್ನು ನಕ್ಕನೆಂದು ಓದಿದಾಗ ಕುಗ್ಗುತ್ತದೆ.

ಬೇರೆಯವರನ್ನು ನಕ್ಕನೆಂಬ ಆಕ್ಷೇಪಣೆಯನ್ನು ನಾವು ತಳ್ಳಿಹಾಕಲಾರೆವು. ನಮ್ಮ ಮಿತ್ರರಾದ ಹಿರಿಯ ಉಪಾಧ್ಯಾಯರೊಬ್ಬರು, “ಪರಮತದ ಪಾದ್ರಿ ನಮ್ಮ ಮಠಗಳನ್ನು ಹಳಿಯಲು ಬರೆದ ಪುಸ್ತಕವನ್ನು ನಮ್ಮ ಮಕ್ಕಳಿಗೆ ಏಕೆ ಹೇಳುವಿರಿ?” ಎಂದು ನೇರವಾಗಿಯೇ ಕೇಳಿದರು. ಗುರು, ಶಿಷ್ಯ, ಮಠ ಎಂಬ ಆವರಣ ನಮ್ಮದೆಂಬುದು ನಿಜ. ಕೊನೆಯ ಕಥೆಗಳಲ್ಲಿ, ಕೊಂಬೆ ಕಡಿಯುವವನಿಗೆ ನೀನು ಬೀಳುವೆಯೆಂದು ಹೇಳಿದ ಮಾತ್ರಕ್ಕೆ ಒಬ್ಬ ಬ್ರಾಹ್ಮಣನನ್ನು ತ್ರಿಕಾಲಜ್ಞಾನಿಯೆಂದು ಶಿಷ್ಯರು ನಂಬುವರು. ಅವನು ಗುರುವಿನ ಮರಣಕ್ಕೆ ಒಂದು ಹಾಸ್ಯಾಸ್ಪದವಾದ ಲಕ್ಷಣವನ್ನು ಹೇಳುವನು. ಆ ಲಕ್ಷಣ ಕಂಡಿತೆಂದು ಗುರು ಮೂರ್ಛೆಹೋದಾಗ, ಸತ್ತನೆಂದು ತಿಳಿದ ಶಿಷ್ಯರು ಮೈತೊಳೆಯಲು ಹೋಗಿ ನೀರಿನಲ್ಲಿ ಮುಳುಗಿಸಿ ನಿಜವಾಗಿಯೇ ಕೊಲ್ಲುವರು. ಇಲ್ಲಿ ನಗೆ ಕಹಿಯಾಗಿದೆ. ಜೋಯಿಸರನ್ನು ನಂಬಬೇಡಿರೆಂಬ ಪ್ರಚಾರಕನ ದನಿ ಕಥೆಗಾರನ ದನಿಯನ್ನು ಅದುಮುತ್ತದೆ. ಶಿಷ್ಯನೊಬ್ಬನಿಗೆ ಮಿಲೇಚ್ಚನ್ ಎಂಬ ಹೆಸರಿಟ್ಟುದೂ ನಮಗೆ ರುಚಿಸಲಿಲ್ಲ. ಮೂಢತನಕ್ಕೂ ಪರಜನರ ಹೆಸರಿಗೂ ಏನು ಸಂಬಂಧ? ಆದರೂ ಮಿತ್ರರಿಗೆ ನಾವು ಕೊಟ್ಟ ಉತ್ತರವಿದು: ಬುದ್ಧಿಗೇಡಿ ಗುರುಗಳನ್ನು ನಕ್ಕವರಲ್ಲಿ ಬೆಸ್ಕಿ ಮೊದಲಿಗನೇನಲ್ಲ. ನಮ್ಮ ವಚನಕಾರರೂ ದಾಸರೂ ಇದಕ್ಕಿಂತ ಖಾರವಾಗಿ ಅಂದಿರುವರು. ಮಿತ್ರರು ಒಪ್ಪಲಿಲ್ಲ. “ಅವರು ಮನೆಯವರು, ಅಂದರೆ ಸಹಿಸಬಹುದು” ಎಂದರು. ಆ ಮಾತಿನಲ್ಲಿಯೂ ಅರ್ಥವಿಲ್ಲದಿಲ್ಲ. ನಾವು ಕೊನೆಯ ಕಥೆಯನ್ನು ಚಿಕ್ಕ ಮಕ್ಕಳಿಗೆ ಹೇಳುವುದನ್ನು ಬಿಟ್ಟೆವು, ಉಳಿದವನ್ನು ಬಿಡಲಿಲ್ಲ.

ಅನುವಾದದ ವಿಷಯವಾಗಿ ಒಂದೆರಡು ಮಾತು. ಮೂಲದ ಸೊಗಸೆಲ್ಲ ಆಡುಮಾತಿನಲ್ಲಿದೆ. ಪಂಡಿತನಾದ ಬೆಸ್ಕಿ ಬೇಕೆಂದೇ ಪಂಡಿತ ತಮಿಳನ್ನು ಬದಿಗಿಟ್ಟು ಬರೆದನು. ಗ್ರಾಂಥಿಕ ಕನ್ನಡದಲ್ಲಿ ಅದನ್ನು ಹೇಳಹೊರಟಾಗ ಕುಂಬಳಕಾಯಿ ‘ಕೂಷ್ಮಾಂಡ’ವಾಗಿ ಕಥೆ ಸತ್ತುಹೋಯಿತು. ಆಗ ಮಕ್ಕಳ ಮನೆಯ ಮಾತನ್ನೇ ಹಿಡಿದೆವು. ಕಂಬಂ, ಬೋಡಿ, ತೇನಿಯ ಒಕ್ಕಲಿಗರ ಮನೆಗಳಲ್ಲಿ ತಲೆಮಾರುಗಳಿಂದ ಬರಹದ ಆಸರೆಯಿಲ್ಲದೆ ಉಳಿದು ಬಂದ ಕನ್ನಡವದು. ಕಂಬಂನ ಕಪ್ಪಿಲಿಯರು ದೇವರಿಗೆ ಬಿಟ್ಟ ದನಗಳನ್ನು ‘ದೇವರ ಆವು’ ಎನ್ನುತ್ತಿದ್ದುದನ್ನು ಆಂಗ್ಲರ ಕಾಲದ ಗ್ರಂಥಗಳೇ ಬರೆದಿಟ್ಟಿವೆ. ಹಳಗನ್ನಡದ ‘ಆವು’ ಮೈಸೂರಿನ ಪೇಟೆಯಲ್ಲಿ ಕಿವಿಗೆ ಬೀಳುವುದುಂಟೆ? ಈ ಮಾತಿನಲ್ಲಿ ಹೇಳಿದಾಗ ಮಕ್ಕಳು ಕಥೆಯನ್ನು ನಮ್ಮ ಬಾಯಿಂದ ಕಸಿದುಕೊಂಡು ತಾವೇ ಮುಂದುವರಿಸಿದರು. ತಾಯಂದಿರು ಬಾಗಿಲಲ್ಲಿ ನಿಂತು ನಮ್ಮ ತಪ್ಪುಗಳನ್ನು ತಿದ್ದಿದರು. ಹೊರಗಿನಿಂದ ಬಂದ ಪಾದ್ರಿಗಳಿಗೆ ತಮಿಳು ಕಲಿಸಲೆಂದು ಹುಟ್ಟಿದ ಪುಸ್ತಕದಿಂದ ನಾವು ನಮ್ಮ ಕನ್ನಡವನ್ನೇ ಕಲಿಯುವಂತಾಯಿತು.

ಹೊಳೆಯ ಕಥೆ, ಮೊಟ್ಟೆಯ ಕಥೆ, ಪಟ್ಟಿಯ ಕಥೆ ಈ ಮೂರನ್ನು ಹೀಗೆ ಬರೆದಿಟ್ಟಿದ್ದೇವೆ. ಎತ್ತಿನ ನೆರಳಿನ ಕಥೆಯಲ್ಲಿ ಬಾಡಿಗೆ, ಸುಂಕ, ಪಂಚಾಯಿತಿಗಳಿಗೆ ಸಂಬಂಧಿಸಿದ ಮಾತುಗಳಿಗೆ ಮನೆಗನ್ನಡದಲ್ಲಿ ತಮಿಳು ಶಬ್ದಗಳೇ ಬರುತ್ತಿವೆ; ಅವನ್ನು ಹಾಗೆಯೇ ಬಿಡಬೇಕೋ ಬದಲಾಯಿಸಬೇಕೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ತಾಳವಾಡಿ, ಹೊಸೂರುಗಳ ಕಡೆಯ ಉಪಾಧ್ಯಾಯ ಬಂಧುಗಳು ತಮ್ಮ ಊರಿನ ಮುದುಕಿಯರನ್ನು ಕೇಳಿ ಸಂಘದ ವಿಳಾಸಕ್ಕೆ ಬರೆದು ತಿಳಿಸಿದರೆ ಉಪಕಾರವಾಗುವುದು.